ಬ್ಲಾಕ್‌ಚೈನ್ ತಳಿ ಆಟಗಳು

ಕಾಲ್ಪನಿಕ ಪ್ರಾಣಿಗಳನ್ನು ಹಣ ಕೊಟ್ಟು ಕೊಂಡು, ಜೋಡಿ ಮಾಡಿ, ಮರಿ ಹುಟ್ಟಿಸಿ, ಆ ಮರಿಯನ್ನು ಮಾರುವ ಅಂತರ್ಜಾಲದ ಆಟಗಳಿಗೆ ಬ್ಲಾಕ್‌ಚೈನ್ ತಳಿ ಆಟಗಳು ಎಂದು ಹೆಸರು. ಇವುಗಳಲ್ಲಿ ಪ್ರತಿ ಪ್ರಾಣಿಯೂ ಒಂದು ಎನ್‌ಎಫ್‌ಟಿ, ಅಂದರೆ ತನ್ನದೇ ಸಂಖ್ಯೆಯುಳ್ಳ, ಮತ್ತೊಂದಕ್ಕೆ ಸಮವೆಂದು ಅದಲುಬದಲು ಮಾಡಲಾಗದ ಟೋಕನ್. 2017ರ ನವೆಂಬರ್ 28ರಂದು ಕೆನಡಾದ ವ್ಯಾಂಕೂವರ್‌ನಿಂದ ಹೊರಬಂದ ಕ್ರಿಪ್ಟೊಕಿಟೀಸ್ ಈ ಬಗೆಯ ಆಟಗಳಲ್ಲಿ ಮೊದಲು ಹೆಸರು ಮಾಡಿತು. ವಿಯೆಟ್ನಾಂನ ಆಕ್ಸಿ ಇನ್‌ಫಿನಿಟಿ 2021ರಲ್ಲಿ ಲಕ್ಷಾಂತರ ಜನರಿಗೆ ದಿನದ ದುಡಿಮೆಯೇ ಆಗಿಬಿಟ್ಟಿತು. ಮರುವರ್ಷವೇ ಅವರಲ್ಲಿ ಬಹುಪಾಲಿನವರ ಕೈ ಬರಿದಾಯಿತು.

ಈ ಲೇಖನ ಆ ಆಟಗಳ ಅರ್ಥಶಾಸ್ತ್ರವನ್ನು ಮಂಗಳೂರಿನಲ್ಲಿ ಕುಳಿತು ನೋಡುತ್ತದೆ. ಅದಕ್ಕೆ ಕಾರಣವಿದೆ. ಗಿಡದಿಂದ ಗಿಡ ಮಾಡಿ ಮಾರುವ ಭರಾಟೆ, ಬೆಲೆ ಏರಿದಾಗ ಎಲ್ಲರೂ ಅದನ್ನೇ ನೆಡುವುದು, ಮಾಲು ತುಂಬಿದಾಗ ಕೊಳ್ಳುವವರೇ ಇಲ್ಲದಿರುವುದು, ಬೇರೆಯವರ ಆಸ್ತಿಯಲ್ಲಿ ದುಡಿದು ಪಾಲು ಕೊಡುವುದು, ಈ ನಾಲ್ಕನ್ನೂ ದಕ್ಷಿಣ ಕನ್ನಡ ತನ್ನ ಮಣ್ಣಿನಲ್ಲೇ ಕಂಡಿದೆ. ವೆನಿಲ್ಲಾ, ಕೋಕೊ, ಗೇಣಿ ಎಂಬ ಮೂರು ಮಾತು ಗೊತ್ತಿದ್ದವರಿಗೆ ಆಕ್ಸಿಯ ಏಳುಬೀಳು ಅರ್ಥವಾಗಲು ಕಷ್ಟವಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಹುಟ್ಟಿದ ಮರಿಯನ್ನು ಕೊನೆಗೆ ಕೊಳ್ಳುವವರು ಯಾರು, ಯಾತಕ್ಕಾಗಿ?

ದಾಖಲೆ

ನಮ್ಮ ಕಡೆ ಜಾಗದ ಮಾತು ಬಂದರೆ ಮೊದಲು ಕೇಳುವುದು ಆರ್‌ಟಿಸಿ. ಹಿಂದೆ ಗ್ರಾಮಕರಣಿಕರ ಕಪಾಟಿನಲ್ಲಿದ್ದ ಆ ಪಹಣಿ ಭೂಮಿ ಯೋಜನೆಯಲ್ಲಿ ಗಣಕಕ್ಕೆ ಏರಿತು. ಆದರೆ ತಿದ್ದುವ ಅಧಿಕಾರ ಇಂದಿಗೂ ಕಂದಾಯ ಇಲಾಖೆಯದು. ಬ್ಲಾಕ್‌ಚೈನ್ ಎಂಬುದು ಅಂಥದೇ ಒಂದು ಪುಸ್ತಕ, ಆದರೆ ಅದರ ಪ್ರತಿ ಲೋಕದ ಸಾವಿರಾರು ಗಣಕಗಳಲ್ಲಿ ಒಟ್ಟಿಗೇ ಇರುತ್ತದೆ. ಹೊಸ ನಮೂದು ಸೇರಬೇಕಾದರೆ ಜಾಲದ ನಿಯಮ ಒಪ್ಪಬೇಕು. ಸೇರಿದ್ದನ್ನು ಯಾರೊಬ್ಬರೂ ಹರಿದೆಸೆಯಲಾರರು. ಆ ಪುಸ್ತಕದೊಳಗೇ ಕುಳಿತು, ಷರತ್ತು ಪೂರೈಸಿದ ಕೂಡಲೇ ತಾನಾಗಿ ನಡೆಯುವ ಕರಾರಿಗೆ ಸ್ಮಾರ್ಟ್ ಕಾಂಟ್ರಾಕ್ಟ್ ಎನ್ನುತ್ತಾರೆ. ಈಥೀರಿಯಂ ಎಂಬ ಬ್ಲಾಕ್‌ಚೈನ್ ಇಂಥ ಕರಾರುಗಳಿಗಾಗಿಯೇ ಬೆಳೆದದ್ದು.

ಕ್ರಿಪ್ಟೊಕಿಟೀಸ್ ರೂಪಿಸಿದ್ದು ಆಕ್ಸಿಯಮ್ ಝೆನ್ ಎಂಬ ಸಂಸ್ಥೆ. 2018ರಲ್ಲಿ ಅದರಿಂದ ಡ್ಯಾಪರ್ ಲ್ಯಾಬ್ಸ್ ಎಂಬ ಬೇರೆ ಕಂಪನಿ ಹುಟ್ಟಿ ಆಟವನ್ನು ವಹಿಸಿಕೊಂಡಿತು. ಆಟದ ತಾಂತ್ರಿಕ ಮುಖ್ಯಸ್ಥರಾಗಿದ್ದ ಡೀಟರ್ ಶರ್ಲಿ 2017ರಲ್ಲಿ ಮುಂದಿಟ್ಟ ಇಆರ್‌ಸಿ-721 ಎಂಬ ಮಾದರಿಯೇ ಮುಂದೆ ಬಂದ ಎನ್‌ಎಫ್‌ಟಿಗಳಲ್ಲಿ ಬಹುಪಾಲಿಗೆ ಅಡಿಪಾಯವಾಯಿತು. ಚಿತ್ರಕಲೆ, ಕ್ರೀಡಾ ವೀಡಿಯೊ, ಸಂಗೀತ ಎಂದು 2021ರಲ್ಲಿ ಎದ್ದ ಎನ್‌ಎಫ್‌ಟಿ ಅಲೆಯ ಮೂಲದಲ್ಲಿ ಇರುವುದು ಬೆಕ್ಕಿನ ಮರಿಗಳು ಎಂಬುದನ್ನು ಮರೆಯಬಾರದು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಪುಸ್ತಕದಲ್ಲಿ ದಾಖಲಾಗುವುದು ಬೆಕ್ಕಿನ ಸಂಖ್ಯೆ, ಜೀನು, ತಂದೆತಾಯಿ, ಒಡೆಯರ ಖಾತೆ ಇಷ್ಟೇ. ಕಣ್ಣಿಗೆ ಕಾಣುವ ಬೆಕ್ಕಿನ ಚಿತ್ರ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಆರ್‌ಟಿಸಿಯಲ್ಲಿ ಹೆಸರಿದ್ದ ಮಾತ್ರಕ್ಕೆ ತೋಟದಲ್ಲಿ ತೆಂಗು ನಿಂತಿದೆ ಎಂದಾಗುವುದಿಲ್ಲವಲ್ಲ, ಹಾಗೆಯೇ ಟೋಕನ್ ಕೈಯಲ್ಲಿದ್ದ ಮಾತ್ರಕ್ಕೆ ಚಿತ್ರ ಸದಾ ಉಳಿದೀತು ಎಂಬ ಖಾತ್ರಿ ಇಲ್ಲ.

ಬೆಕ್ಕುಗಳು

ಪ್ರತಿ ಬೆಕ್ಕಿಗೂ 256 ಬಿಟ್‌ಗಳ ಒಂದು ದೊಡ್ಡ ಸಂಖ್ಯೆಯೇ ಜೀನು. ಮೈಬಣ್ಣ, ಕಣ್ಣಿನ ಆಕಾರ, ಬಾಯಿ, ತುಪ್ಪಳದ ವಿನ್ಯಾಸ ಮುಂತಾದ ಪ್ರತಿ ಲಕ್ಷಣಕ್ಕೂ ಅದರಲ್ಲಿ ನಾಲ್ಕು ಜೀನುಗಳು: ಹೊರಗೆ ಕಾಣುವುದು ಒಂದು, ಒಳಗೆ ಅಡಗಿರುವವು ಮೂರು. ಬಿಳಿ ಬೆಕ್ಕುಗಳೆರಡರ ಮರಿ ನೀಲಿಯಾಗಿ ಹುಟ್ಟಲು ಈ ಅಡಗಿದ ಜೀನುಗಳೇ ಕಾರಣ. ಜೀನು ಬೆರೆಸುವ ಕಾಂಟ್ರಾಕ್ಟಿನ ಮೂಲ ಬರಹವನ್ನು ಕಂಪನಿ ಬಚ್ಚಿಟ್ಟಿತ್ತು. ಆಟಗಾರರು ಸಾವಿರಾರು ಮರಿಗಳ ಸಂಖ್ಯೆಗಳನ್ನು ಹೋಲಿಸಿ ಹೋಲಿಸಿ ಅದನ್ನು ಬಿಡಿಸಿದರು. ಕೆಲವು ನಿರ್ದಿಷ್ಟ ಜೀನುಗಳು ಜೋಡಿಯಾದರೆ ತಂದೆತಾಯಿ ಇಬ್ಬರಲ್ಲೂ ಇಲ್ಲದ ಹೊಸ ಲಕ್ಷಣ ಮೂಡುವ ಸಂಭವವಿತ್ತು. ಅಪರೂಪದ ಮರಿಯ ಬೆಲೆ ನಿಂತದ್ದು ಈ ಸಂಭವದ ಮೇಲೆ.

ಈ ಬೆಕ್ಕುಗಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಯಾವ ಬೆಕ್ಕನ್ನೂ ತಾಯಿಯ ಜಾಗದಲ್ಲಾಗಲಿ ತಂದೆಯ ಜಾಗದಲ್ಲಾಗಲಿ ನಿಲ್ಲಿಸಬಹುದು. ಹೆತ್ತವರೊಂದಿಗೆ, ಒಡಹುಟ್ಟಿದವರೊಂದಿಗೆ ಜೋಡಿ ಮಾಡಲು ಕರಾರು ಬಿಡುವುದಿಲ್ಲ. ಒಮ್ಮೆ ಜೋಡಿಯಾದ ಬೆಕ್ಕು ವಿಶ್ರಾಂತಿ ಪಡೆಯಬೇಕು. ಈ ವಿಶ್ರಾಂತಿಗೆ 14 ಮೆಟ್ಟಿಲು: ಮೊದಲನೆಯದು ಒಂದು ನಿಮಿಷ, ಕೊನೆಯದು ಒಂದು ವಾರ. ಮರಿ ಹಾಕಿದಷ್ಟೂ ಬೆಕ್ಕು ನಿಧಾನವಾಗುತ್ತದೆ. ತಲೆಮಾರು ದೂರವಾದಷ್ಟೂ ಮರಿ ಹುಟ್ಟುವಾಗಲೇ ನಿಧಾನವಾಗಿರುತ್ತದೆ.

ಹೆರಿಗೆಯ ಕ್ರಮವನ್ನು ಹತ್ತಿರದಿಂದ ನೋಡಿದರೆ ಇಡೀ ವ್ಯವಸ್ಥೆಯ ಸ್ವಭಾವ ತಿಳಿಯುತ್ತದೆ. ಎರಡು ಬೆಕ್ಕುಗಳನ್ನು ಜೋಡಿ ಮಾಡಿದಾಗ ತಾಯಿಯ ದಾಖಲೆಯಲ್ಲಿ ತಂದೆಯ ಸಂಖ್ಯೆ ಬರೆದಾಗುತ್ತದೆ, ಗರ್ಭ ನಿಂತಿತು. ಅವಧಿ ಮುಗಿದರೂ ಮರಿ ತಾನಾಗಿ ಬರುವುದಿಲ್ಲ, ಏಕೆಂದರೆ ಬ್ಲಾಕ್‌ಚೈನಿನ ಕರಾರು ಗಡಿಯಾರ ನೋಡಿಕೊಂಡು ಎದ್ದೇಳಲಾರದು. ಹೊರಗಿನಿಂದ ಯಾರಾದರೂ ಎಬ್ಬಿಸಬೇಕು. ಅದಕ್ಕಾಗಿ ಜೋಡಿ ಮಾಡುವಾಗಲೇ ಒಡೆಯ ಒಂದು ಹೆರಿಗೆ ಶುಲ್ಕ ಕಟ್ಟಿರುತ್ತಾನೆ. ಸಮಯ ಬಂದಾಗ ಯಾರು ಮೊದಲು ಹೆರಿಗೆಯ ಆದೇಶ ಕಳಿಸುತ್ತಾರೋ ಶುಲ್ಕ ಅವರದು. ಆಟಗಾರರು ಇವರನ್ನು ಸೂಲಗಿತ್ತಿಯರೆಂದೇ ಕರೆದರು. ಕೆಲವರು ಇದಕ್ಕಾಗಿಯೇ ಪ್ರೋಗ್ರಾಂ ಬರೆದು, ಲೋಕದ ಯಾವ ಮೂಲೆಯಲ್ಲಿ ಯಾವ ಬೆಕ್ಕಿಗೆ ದಿನ ತುಂಬಿತು ಎಂದು ಹಗಲಿರುಳು ಕಾದರು. ಮರಿಯ ಜೀನನ್ನು ನಿರ್ಧರಿಸುವ ಅನಿಶ್ಚಿತತೆ ಆ ಗಳಿಗೆಯ ಬ್ಲಾಕಿನ ಗುರುತಿನಿಂದ ಬರುತ್ತದೆ. ನೀರು ಕಾಯಿಸುವವರಿಲ್ಲದ, ತೊಟ್ಟಿಲು ಕಟ್ಟುವವರಿಲ್ಲದ ಆ ಹೆರಿಗೆಯಲ್ಲಿ ಪ್ರತಿ ಹೆಜ್ಜೆಗೂ ದರವಿತ್ತು.

ಬೀಜದ ಬೆಕ್ಕುಗಳನ್ನು, ಅಂದರೆ ತಂದೆತಾಯಿಯಿಲ್ಲದ ಸೊನ್ನೆ ತಲೆಮಾರಿನವನ್ನು, ಕಾಂಟ್ರಾಕ್ಟ್ 50,000ಕ್ಕೆ ಸೀಮಿತಗೊಳಿಸಿತ್ತು. ಅದರಲ್ಲಿ 5,000 ಪ್ರಚಾರಕ್ಕೆ. ಉಳಿದ 45,000 ಹದಿನೈದು ನಿಮಿಷಕ್ಕೊಂದರಂತೆ ಮಾರುಕಟ್ಟೆಗೆ ಬರಲು. ಹೊಸ ಬೀಜದ ಬೆಕ್ಕಿನ ಆರಂಭಿಕ ಬೆಲೆ ಹಿಂದಿನ ಐದು ಮಾರಾಟಗಳ ಸರಾಸರಿಗಿಂತ ಅರ್ಧದಷ್ಟು ಹೆಚ್ಚು. ಇಲ್ಲಿಯ ಹರಾಜು ಇಳಿಮುಖದ್ದು. ಬಂದರಿನ ಮೀನು ಏಲಂನಲ್ಲಿ ಕೂಗು ಮೇಲೇರುತ್ತದೆ. ಇಲ್ಲಿ ಬೆಲೆ ಕ್ಷಣಕ್ಷಣಕ್ಕೂ ಇಳಿಯುತ್ತಾ ಹೋಗುತ್ತದೆ, ಮೊದಲು ಕೈ ಚಾಚಿದವರಿಗೆ ಬೆಕ್ಕು. ಮಾರಾಟವಾದಾಗಲೆಲ್ಲ ಕಂಪನಿಗೆ ಶೇ. 3.75 ಪಾಲು.

ಮೊದಲ ವಾರವೇ ಜನ ಮುಗಿಬಿದ್ದರು. 2017ರ ಡಿಸೆಂಬರ್ ಆರಂಭದಲ್ಲಿ ಮೊತ್ತಮೊದಲ ಬೆಕ್ಕಾದ ಜೆನೆಸಿಸ್, ಈಥೀರಿಯಂ ಜಾಲದ ನಾಣ್ಯವಾದ ಈಥರ್‌ನಲ್ಲಿ ಸುಮಾರು 247ಕ್ಕೆ, ಆಗಿನ ದರದಲ್ಲಿ 1.17 ಲಕ್ಷ ಡಾಲರ್‌ಗೆ ಬಿಕರಿಯಾಯಿತು. ಬೆಕ್ಕುಗಳ ವ್ಯವಹಾರದಿಂದಲೇ ಈಥೀರಿಯಂ ಜಾಲ ಕಟ್ಟಿಕೊಂಡಿತು. ಬೆಕ್ಕಿಗೆ ಸಂಬಂಧವೇ ಇಲ್ಲದವರೂ ಹಣ ಕಳಿಸಲು ಗಂಟೆಗಟ್ಟಲೆ ಕಾದರು. 2018ರ ಸೆಪ್ಟೆಂಬರ್‌ನಲ್ಲಿ ಡ್ರ್ಯಾಗನ್ ಎಂಬ ಬೆಕ್ಕು 600 ಈಥರ್‌ಗೆ ಹೋಯಿತು. ಅದು ಒಂಬತ್ತನೇ ತಲೆಮಾರಿನ ಸಾಮಾನ್ಯ ಮರಿ. ಅಷ್ಟರಲ್ಲಿ ಸಾಮಾನ್ಯ ಮರಿಗಳ ಬೆಲೆ ಪೂರಾ ನೆಲ ಕಚ್ಚಿತ್ತು.

ಅದಕ್ಕೆ ಕಾರಣ ಕರಾರಿನೊಳಗೇ ಇತ್ತು. ಬೀಜದ ಬೆಕ್ಕಿಗೆ ಮಿತಿ ಇತ್ತು, ಮರಿಗಳಿಗೆ ಇರಲಿಲ್ಲ. ಕಂಬಳದ ಕೋಣಕ್ಕೆ ದಿನವೂ ಹುರುಳಿ ಬೇಯಿಸಬೇಕು, ಎಣ್ಣೆ ತಿಕ್ಕಬೇಕು. ಅದು ಮುದಿಯಾಗುತ್ತದೆ, ಒಂದು ದಿನ ಸಾಯುತ್ತದೆ. ಆದ್ದರಿಂದಲೇ ಒಳ್ಳೆಯ ಜೋಡಿ ಕೋಣ ಯಾವ ಕಾಲಕ್ಕೂ ಕೆಲವೇ ಮನೆಗಳಲ್ಲಿ. ಡಿಜಿಟಲ್ ಬೆಕ್ಕು ತಿನ್ನುವುದಿಲ್ಲ, ಸಾಯುವುದಿಲ್ಲ. ಹುಟ್ಟಿದ್ದೆಲ್ಲ ಉಳಿಯುತ್ತದೆ, ಉಳಿದದ್ದೆಲ್ಲ ಮತ್ತೆ ಹೆರುತ್ತದೆ. ಒಟ್ಟು ಬೆಕ್ಕುಗಳು ಇಪ್ಪತ್ತು ಲಕ್ಷ ದಾಟಿದವು. ಹೆಚ್ಚಿನವುಗಳ ಬೆಲೆ ಅವನ್ನು ಕೈಬದಲಿಸಲು ತಗಲುವ ಜಾಲದ ಶುಲ್ಕಕ್ಕಿಂತಲೂ ಕೆಳಗಿಳಿಯಿತು.

ಆಕ್ಸಿ

ಬೆಕ್ಕುಗಳಿಂದ ಏನೂ ಕೆಲಸವಿಲ್ಲ, ನೋಡಿ ಸಂತೋಷಪಡಬೇಕಷ್ಟೆ ಎಂಬ ಕೊರತೆಯನ್ನು ತುಂಬಲು ಹೊರಟದ್ದು ಹೋ ಚಿ ಮಿನ್ ನಗರದ ಸ್ಕೈ ಮೇವಿಸ್. ಸ್ಥಾಪಕರಲ್ಲೊಬ್ಬರಾದ ಟ್ರುಂಗ್ ನುಯೆನ್ ಸ್ವತಃ ಕ್ರಿಪ್ಟೊಕಿಟೀಸ್ ಆಡಿದವರು. 2018ರಲ್ಲಿ ಆರಂಭವಾದ ಆಕ್ಸಿ ಇನ್‌ಫಿನಿಟಿಯಲ್ಲಿ ಪ್ರಾಣಿಗಳು ಕಾದಾಡುತ್ತವೆ. ಮೂರು ಆಕ್ಸಿಗಳ ತಂಡ ಕಟ್ಟಬೇಕು. ಗೆದ್ದರೆ ಸ್ಮೂತ್ ಲವ್ ಪೋಶನ್, ಚಿಕ್ಕದಾಗಿ ಎಸ್‌ಎಲ್‌ಪಿ, ಎಂಬ ಟೋಕನ್ ಸಿಗುತ್ತಿತ್ತು. ಆ ಟೋಕನನ್ನು ಮಾರಿ ಹಣ ಮಾಡಬಹುದಿತ್ತು. ಎಎಕ್ಸ್‌ಎಸ್ ಎಂಬುದು ಇನ್ನೊಂದು ಟೋಕನ್. ಅದು ಒಟ್ಟು ಯೋಜನೆಯ ಷೇರಿನಂತೆ ಚಲಾವಣೆಯಲ್ಲಿತ್ತು.

ತಳಿಯ ಲೆಕ್ಕ ಇಲ್ಲಿ ಬೆಕ್ಕುಗಳಿಗಿಂತ ಸ್ಪಷ್ಟ. ಕಣ್ಣು, ಕಿವಿ, ಬಾಯಿ, ಕೊಂಬು, ಬೆನ್ನು, ಬಾಲ ಎಂದು ಆರು ಅಂಗ. ಪ್ರತಿ ಅಂಗಕ್ಕೂ ಒಂದು ಪ್ರಬಲ ಜೀನು, ಎರಡು ಅಡಗಿದ ಜೀನು. ಮರಿಗೆ ತಂದೆಯ ಅಥವಾ ತಾಯಿಯ ಪ್ರಬಲ ಜೀನು ಬರುವ ಸಂಭವ ತಲಾ ಶೇ. 37.5, ಮೊದಲ ಅಡಗಿದ ಜೀನಿನದು ತಲಾ ಶೇ. 9.375, ಎರಡನೆಯದರದು ತಲಾ ಶೇ. 3.125. ತಂದೆತಾಯಿ ಇಬ್ಬರಿಗೂ ಪ್ರಬಲ ಜೀನುಗಳು ಒಂದೇ ಇದ್ದು, ಅಡಗಿದವು ಬೇರೆ ಬೇರೆಯಾಗಿದ್ದರೆ ಒಂದು ಅಂಗ ಸರಿಯಾಗಿ ಬರುವ ಸಂಭವ ಶೇ. 75. ಆರೂ ಅಂಗಗಳು ಸರಿಯಾಗಿ ಬರುವುದು ಬರೀ ಶೇ. 18ರಷ್ಟು ಸಲ. ಮೊದಲ ಅಡಗಿದ ಜೀನೂ ಹೊಂದಿದ್ದರೆ ಅದೇ ಸಂಭವ ಶೇ. 68ಕ್ಕೆ ಏರುತ್ತದೆ. ಆದ್ದರಿಂದ ನೋಡಲು ಒಂದೇ ತೆರನಾದ ಎರಡು ಆಕ್ಸಿಗಳಲ್ಲಿ ಒಂದಕ್ಕೆ ಇನ್ನೊಂದರ ಹಲವು ಪಟ್ಟು ಬೆಲೆ. ದನದ ಸಂತೆಯಲ್ಲಿ ಅನುಭವಸ್ಥರು ಕರುವನ್ನು ಬಿಟ್ಟು ಅದರ ತಾಯಿಯ ವಿಷಯ ಕೇಳುತ್ತಾರೆ. ಆಕ್ಸಿ ಸಾಕುವವರು ಕೊಳ್ಳುವ ಮೊದಲು ನೋಡುತ್ತಿದ್ದುದೂ ಹೊರಗೆ ಕಾಣದ ಈ ಜೀನುಗಳನ್ನೇ.

ಒಂದು ಆಕ್ಸಿ ಹೆಚ್ಚೆಂದರೆ ಏಳು ಸಲ ಮರಿ ಹಾಕಬಲ್ಲದು. ಪ್ರತಿ ಸಲವೂ ಎಸ್‌ಎಲ್‌ಪಿ ಕಟ್ಟಬೇಕು, ದರ ಏರುತ್ತಾ ಹೋಗುತ್ತದೆ. 2021ರ ಒಂದು ಹಂತದಲ್ಲಿ ಒಂದು ಪ್ರಾಣಿಯ ಪಾಲಿಗೆ ಆ ದರ ಕ್ರಮವಾಗಿ 150, 300, 450, 750, 1,200, 1,950, 3,150. ಮೂರನೆಯದರಿಂದ ಮುಂದಿನ ಪ್ರತಿ ಸಂಖ್ಯೆಯೂ ತನ್ನ ಹಿಂದಿನ ಎರಡರ ಮೊತ್ತ. ಪಶ್ಚಿಮದಲ್ಲಿ ಫಿಬೊನಾಚಿಯ ಹೆಸರಿನಿಂದ ಕರೆಯುವ ಈ ಕ್ರಮವನ್ನು ನಮ್ಮ ಛಂದಸ್ಸಿನ ಪಂಡಿತರು ಲಘು ಗುರುಗಳ ಮಾತ್ರೆ ಎಣಿಸುವಾಗ ಕಂಡಿದ್ದರು. ಹನ್ನೆರಡನೇ ಶತಮಾನದ ಹೇಮಚಂದ್ರ ಅದನ್ನು ವಿವರಿಸಿದ್ದಾನೆ.

ಕಟ್ಟಿದ ಎಸ್‌ಎಲ್‌ಪಿ ಯಾರಿಗೂ ಸೇರುವುದಿಲ್ಲ, ಅದನ್ನು ಸುಟ್ಟುಹಾಕಲಾಗುತ್ತದೆ. ಇಡೀ ಆಟದ ಆರ್ಥಿಕತೆಯ ಪ್ರಾಣ ಇದ್ದದ್ದು ಇಲ್ಲಿ. ಕಾದಾಟದಲ್ಲಿ ಎಸ್‌ಎಲ್‌ಪಿ ಹುಟ್ಟುತ್ತದೆ, ತಳಿ ಮಾಡುವಾಗ ಸಾಯುತ್ತದೆ. ಹುಟ್ಟಿದಷ್ಟೇ ಸಾಯುತ್ತಿದ್ದರೆ ಬೆಲೆ ನಿಲ್ಲುತ್ತದೆ. ಆದರೆ ತಳಿ ಮಾಡುವವರು ಯಾತಕ್ಕೆ ಮಾಡುತ್ತಾರೆ? ಮರಿಯನ್ನು ಕೊಳ್ಳುವ ಹೊಸ ಆಟಗಾರ ಇದ್ದರೆ ಮಾತ್ರ. ಹೊಸಬ ಬರುವುದು ಯಾತಕ್ಕೆ? ಎಸ್‌ಎಲ್‌ಪಿ ಗಳಿಸಿ ಮಾರಲು. ಅಲ್ಲಿಗೆ ಹಳಬರ ಸಂಪಾದನೆ ಹೊಸಬರ ಪ್ರವೇಶದ ಹಣದಿಂದಲೇ ಬರಬೇಕು. ಪ್ರತಿ ಹೊಸಬನೂ ಮರುದಿನದಿಂದ ತಾನೇ ಎಸ್‌ಎಲ್‌ಪಿ ಹುಟ್ಟಿಸತೊಡಗುತ್ತಾನೆ. ಅವನು ಹುಟ್ಟಿಸಿದ್ದನ್ನು ಸುಡಲು ಇನ್ನೂ ಹೆಚ್ಚು ಹೊಸಬರು ಬೇಕು. ಈ ಸರಪಳಿಯನ್ನು ಕಾಗದದ ಮೇಲೆ ನಾಲ್ಕು ಸಾಲು ಬರೆದು ನೋಡಿದ್ದರೂ ಸಾಕಿತ್ತು, ಅದೆಷ್ಟೋ ಮನೆಗಳ ಉಳಿತಾಯ ಉಳಿಯುತ್ತಿತ್ತು.

2021ರ ಜುಲೈಯಲ್ಲಿ ಎಸ್‌ಎಲ್‌ಪಿ ಬೆಲೆ 35 ಸೆಂಟ್ ದಾಟಿತು. ಮೂರು ಆಕ್ಸಿಗಳ ತಂಡಕ್ಕೆ ಆಗ ಸಾವಿರ ಡಾಲರ್‌ಗೂ ಮೇಲೆ ಬೇಕಾಗುತ್ತಿತ್ತು. ನವೆಂಬರ್ ಹೊತ್ತಿಗೆ ದಿನಕ್ಕೆ ಆಡುವವರು 27 ಲಕ್ಷ; ಎಎಕ್ಸ್‌ಎಸ್ ಬೆಲೆ ಅದೇ ತಿಂಗಳು 160 ಡಾಲರ್ ದಾಟಿ ಶಿಖರ ಮುಟ್ಟಿತು. ಎಸ್‌ಎಲ್‌ಪಿ ಮಾತ್ರ ಅಷ್ಟರಲ್ಲಿ ಇಳಿಜಾರು ಹಿಡಿದಿತ್ತು. ದಿನಕ್ಕೆ 150 ಎಸ್‌ಎಲ್‌ಪಿ ಗಳಿಸುವ ಒಬ್ಬ ಆಟಗಾರನನ್ನು ಎಣಿಸಿಕೊಳ್ಳಿ. ಬೆಲೆ 35 ಸೆಂಟ್ ಇದ್ದಾಗ ಅವನ ದಿನದ ಗಳಿಕೆ 52.5 ಡಾಲರ್; ಒಂದು ಸೆಂಟ್‌ಗೆ ಇಳಿದಾಗ ಒಂದೂವರೆ ಡಾಲರ್. ಕೆಲಸ ಅಷ್ಟೇ, ಗಂಟೆಗಳೂ ಅಷ್ಟೇ. 2022ರ ಫೆಬ್ರುವರಿಯಲ್ಲಿ ಕಂಪನಿಯೇ ಕಠಿಣ ಕ್ರಮ ಕೈಗೊಳ್ಳದಿದ್ದರೆ ಆರ್ಥಿಕತೆ ಶಾಶ್ವತವಾಗಿ ಕುಸಿಯುವ ಅಪಾಯವಿದೆಯೆಂದು ಒಪ್ಪಿಕೊಂಡು, ಒಬ್ಬಂಟಿ ಆಟದಿಂದಲೂ ದಿನದ ಗುರಿಗಳಿಂದಲೂ ಸಿಗುತ್ತಿದ್ದ ಎಸ್‌ಎಲ್‌ಪಿಯನ್ನು ನಿಲ್ಲಿಸಿತು. ಹೊತ್ತು ಮೀರಿತ್ತು.

ಚಾಲಗೇಣಿ

ಸಾವಿರ ಡಾಲರ್ ಇಲ್ಲದವರು ಆಡುವುದು ಹೇಗೆ? ಇದಕ್ಕೆ ಹುಟ್ಟಿಕೊಂಡ ಏರ್ಪಾಡಿಗೆ ಸ್ಕಾಲರ್‌ಶಿಪ್ ಎಂಬ ಮರ್ಯಾದೆಯ ಹೆಸರು. ಹಣವಂತನೊಬ್ಬ ಹತ್ತಾರು ತಂಡ ಕೊಂಡು ಬಡ ಆಟಗಾರರಿಗೆ ಆಡಲು ಕೊಡುತ್ತಾನೆ. ಗಳಿಸಿದ ಎಸ್‌ಎಲ್‌ಪಿಯಲ್ಲಿ ಪಾಲು ತೆಗೆದುಕೊಳ್ಳುತ್ತಾನೆ. ಆಟಗಾರರಲ್ಲಿ ಬಹುದೊಡ್ಡ ಗುಂಪು ಫಿಲಿಪೀನ್ಸ್‌ನವರು. ಕೋವಿಡ್‌ನಲ್ಲಿ ಕೆಲಸ ಕಳಕೊಂಡ ರಿಕ್ಷಾ ಚಾಲಕರು, ಅಂಗಡಿ ಕೆಲಸದವರು, ತಾಯಂದಿರು. ಅಲ್ಲಿ ಹುಟ್ಟಿದ ಯೀಲ್ಡ್ ಗಿಲ್ಡ್ ಗೇಮ್ಸ್ ಸಂಸ್ಥೆ ಸಾವಿರಾರು ಜನರಿಗೆ ಹೀಗೆ ತಂಡ ಒದಗಿಸಿತು. ಅದರದೇ ಭಾರತದ ಕವಲಾಗಿ ಇಂಡಿಜಿಜಿ 2022ರ ಆರಂಭದಲ್ಲಿ ಬಂತು.

ದಕ್ಷಿಣ ಕನ್ನಡದವರು ಇದನ್ನು ಹೆಸರು ಹಿಡಿದು ಗುರುತಿಸಬಲ್ಲರು. ಇಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡಿತ್ತು. ಮೂಲಗೇಣಿದಾರನಿಗೆ ಭೂಮಿಯ ಮೇಲೆ ತಲೆತಲಾಂತರದ ಹಕ್ಕು. ಚಾಲಗೇಣಿಯವನು ಧಣಿಗೆ ಮನಸ್ಸಿರುವವರೆಗೆ ಉಳುವವನು. ಬೆಳೆ ಬರಲಿ ಬಿಡಲಿ, ಬೈಹುಲ್ಲಿನಿಂದ ಬಿಗಿಯಾಗಿ ಕಟ್ಟಿದ ಅಕ್ಕಿಮುಡಿ ಧಣಿಯ ಚಾವಡಿಗೆ ಹೋಗಬೇಕು. ಆಕ್ಸಿಯಲ್ಲಿ ವಾಲೆಟ್ಟಿನ ಕೀಲಿ ಒಡೆಯನ ಬಳಿ. ಆಟಗಾರನಿಗೆ ಆಡುವ ಪ್ರವೇಶ ಮಾತ್ರ. ದಿನದ ಕೋಟಾ ಮುಟ್ಟದಿದ್ದರೆ ಇಂದಿಗೆ ಬಿಡು ಎನ್ನಬಹುದು, ಯಾವ ಊರಿನ ಕೋರ್ಟಿಗೂ ಹೋಗುವಂತಿಲ್ಲ. ಇದು ಅಚ್ಚ ಚಾಲಗೇಣಿ. ಒಂದು ವ್ಯತ್ಯಾಸವಿದೆ: ಗದ್ದೆ ಅಲ್ಲಿಯೇ ಉಳಿಯಿತು, 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ಉಳುವವನಿಗೆ ಅರ್ಜಿ ಹಾಕಲು ಒಂದು ಗದ್ದೆ ಇತ್ತು. ಆಕ್ಸಿಯ ಒಕ್ಕಲಿಗೆ ಎರಡು ವರ್ಷ ಬೆರಳು ಸವೆಸಿದ್ದಕ್ಕೆ ಕೇಳಿ ಪಡೆಯುವಂಥದ್ದು ಏನೂ ಉಳಿಯಲಿಲ್ಲ.

ವೆನಿಲ್ಲಾ, ಕೋಕೊ

2000ದ ಏಪ್ರಿಲಿನಲ್ಲಿ ಹುಡಾ ಎಂಬ ಚಂಡಮಾರುತ ಮಡಗಾಸ್ಕರಿನ ವೆನಿಲ್ಲಾ ತೋಟಗಳನ್ನು ಮಲಗಿಸಿತು. ಲೋಕದ ವೆನಿಲ್ಲಾದ ದೊಡ್ಡ ಪಾಲು ಬೆಳೆಯುವ ದ್ವೀಪ ಅದು. ಬೆಲೆ ಏರಿದ ಸುದ್ದಿ ಸುಳ್ಯ, ಪುತ್ತೂರು, ಬೆಳ್ತಂಗಡಿಯ ಅಡಿಕೆ ತೋಟಗಳಿಗೆ ಮುಟ್ಟಿತು. 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ 3,000 ರೂಪಾಯಿಗೂ ಮೇಲೆ ಸಿಗುತ್ತಿತ್ತು. ತೋಟಕ್ಕೆ ಬೇಲಿ ಬಂತು, ನಾಯಿ ಬಂತು, ಕೋಡು ಬಲಿಯುವ ಕಾಲದಲ್ಲಿ ರಾತ್ರಿ ಟಾರ್ಚ್ ಹಿಡಿದು ಕಾಯುವವರು ಬಂದರು.

ವೆನಿಲ್ಲಾ ಹೂವನ್ನು ಮನುಷ್ಯನೇ ಕೈಯಾರೆ ಗರ್ಭ ಕಟ್ಟಿಸಬೇಕು. ಹೂವು ಬೆಳಗ್ಗೆ ಅರಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಬಾಡತೊಡಗುತ್ತದೆ. ಆ ಒಂದು ಬೆಳಗ್ಗೆಯೇ ಅದರ ಆಯುಷ್ಯ. ಹಿಡಿಸೂಡಿಯ ಒಂದು ಕಡ್ಡಿಯನ್ನು ಚೂಪು ಮಾಡಿಕೊಂಡು, ಎಡಗೈಯಲ್ಲಿ ಹೂವನ್ನು ಹಿಡಿದು, ಎಸಳನ್ನು ಸೀಳಿ, ಒಳಗಿನ ತೆಳ್ಳನೆಯ ಪೊರೆಯನ್ನು ಕಡ್ಡಿಯ ತುದಿಯಿಂದ ಮೇಲೆತ್ತಿ, ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದರೆ ಪರಾಗ ಅಂಟುತ್ತದೆ. ಕೈ ಪಳಗಿದ ಹೆಂಗಸರು ಒಂದು ಬೆಳಗ್ಗೆ ನೂರಾರು ಹೂ ಮುಗಿಸುತ್ತಿದ್ದರು. ಆಮೇಲೆ ಎಂಟು ಒಂಬತ್ತು ತಿಂಗಳು ಕಾಯಬೇಕು ಕೋಡು ಬಲಿಯಲು. ಬಳ್ಳಿ ನೆಟ್ಟು ಮೊದಲ ಹೂ ಕಾಣಲು ಮೂರು ವರ್ಷ.

ಈ ಮೂರು ವರ್ಷದ ಅಂತರದಲ್ಲೇ ತಳಿ ಆಟ ನಡೆದದ್ದು. ಕೋಡು ಇನ್ನೂ ಬಿಡದ ತೋಟದಲ್ಲೂ ಬಳ್ಳಿ ಬೆಳೆಯುತ್ತದೆ; ಅದನ್ನು ತುಂಡರಿಸಿ ಹೊಸಬರಿಗೆ ಮಾರಬಹುದು. ಹಸಿ ಕೋಡಿಗಿಂತ ಮೊದಲು ಹಣ ತಂದದ್ದು ಬಳ್ಳಿಯ ತುಂಡು. ಕೊಂಡವರೂ ಬೆಳೆಸಿ ತುಂಡು ಮಾಡಿ ಮಾರುವ ಲೆಕ್ಕದಲ್ಲೇ ಕೊಂಡರು. ಹೊಸದಾಗಿ ನೆಡುವವರು ಇರುವವರೆಗೆ ಬಳ್ಳಿಗೆ ಬೆಲೆ, ಬಳ್ಳಿಗೆ ಬೆಲೆ ಇರುವವರೆಗೆ ಹೊಸದಾಗಿ ನೆಡುವವರು. ಮಡಗಾಸ್ಕರ್ ಚೇತರಿಸಿಕೊಂಡಿತು, ದುಬಾರಿಯಾದ ಅಸಲಿ ವೆನಿಲ್ಲಾ ಬಿಟ್ಟು ಆಹಾರ ಕಂಪನಿಗಳು ಕೃತಕ ವೆನಿಲಿನ್‌ಗೆ ಹೋದವು. ಎರಡು ಮೂರು ವರ್ಷಗಳಲ್ಲಿ ಹಸಿ ಕೋಡು ಕಿಲೋಗೆ ನೂರು ರೂಪಾಯಿಯ ಆಸುಪಾಸಿಗೆ ಇಳಿಯಿತು. ನೆಟ್ಟವರೆಲ್ಲರ ಬಳ್ಳಿ ಹೂ ಬಿಡುವ ವರ್ಷವೇ ಕೊಳ್ಳುವವರು ಮರೆಯಾದರು. ಸಾಲ ಮಾಡಿ ಬಳ್ಳಿ ಕೊಂಡವರ ಸಂಕಟ ಆ ಊರುಗಳ ಹಿರಿಯರಿಗೆ ಇನ್ನೂ ನೆನಪಿದೆ. ಆಕ್ಸಿಯಲ್ಲಿ ಬಳ್ಳಿಯ ತುಂಡು ಎಂದರೆ ಮರಿ, ಕೋಡು ಎಂದರೆ ಎಸ್‌ಎಲ್‌ಪಿ. ಮೂರು ವರ್ಷದ ಅಂತರ ಅಲ್ಲಿ ಐದು ದಿನಕ್ಕೆ ಇಳಿದಿತ್ತು, ಮೊಟ್ಟೆ ಬಲಿತು ಆಕ್ಸಿಯಾಗಲು ಬೇಕಾದ ಅವಧಿ ಅದು. ಆದ್ದರಿಂದಲೇ ವೆನಿಲ್ಲಾ ಐದಾರು ವರ್ಷದಲ್ಲಿ ನಡೆಸಿದ್ದನ್ನು ಆಕ್ಸಿ ಒಂದೇ ವರ್ಷದಲ್ಲಿ ನಡೆಸಿ ಮುಗಿಸಿತು.

ಕೋಕೊದ ಕತೆ ಬೇರೆ ದಾರಿ ಹಿಡಿಯಿತು, ಅದಕ್ಕೇ ಅದು ಇಲ್ಲಿ ಮುಖ್ಯ. 1970ರ ದಶಕದಲ್ಲಿ ಅಡಿಕೆಯ ನಡುವೆ ಉಪಬೆಳೆಯಾಗಿ ಕೋಕೊ ಹಬ್ಬಿತು. ದಶಕದ ಕೊನೆಗೆ ಅಂತರರಾಷ್ಟ್ರೀಯ ಬೆಲೆ ಕುಸಿದು, ಖಾಸಗಿ ಖರೀದಿ ಹಿಂದೆ ಸರಿದಾಗ ರೈತರ ಕೈಯಲ್ಲಿ ಹಸಿ ಬೀಜ ಕೊಳೆಯುವ ಸ್ಥಿತಿ. ಅಡಿಕೆ ಧಾರಣೆಯ ಕುಸಿತದಿಂದ ಪಾಠ ಕಲಿತು 1973ರ ಜುಲೈ 11ರಂದು ಮಂಗಳೂರಿನಲ್ಲಿ ಹುಟ್ಟಿದ್ದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಆಗ ಕೋಕೊ ಖರೀದಿಗೂ ಇಳಿಯಿತು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಬೀಜ ಕೊಂಡು ದಾಸ್ತಾನು ಮಾಡಿದರೆ ಸಾಲದು, ಅದು ಎಲ್ಲಾದರೂ ಕರಗಬೇಕು ಎಂದು ಕಂಡುಕೊಂಡದ್ದು ಆ ಸಹಕಾರಿಗಳ ದೊಡ್ಡತನ. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. ಚಾಕೊಲೇಟ್ ತಿನ್ನುವ ಮಗು ಕೋಕೊ ಗಿಡ ನೆಡಬೇಕಾಗಿಲ್ಲ, ಬೀಜ ಮಾರಿ ಲಾಭ ಮಾಡಬೇಕಾಗಿಲ್ಲ. ತಿಂದು ಮುಗಿಸಿದರೆ ಆಯಿತು. ಆ ಮಗುವಿನಿಂದಾಗಿ ಗಿಡದ ಬುಡದಲ್ಲಿ ನಿಂತ ರೈತನಿಗೆ ಒಂದು ತಳಬೆಲೆ ಸಿಗುತ್ತದೆ. ತಳಿ ಆಟಗಳಲ್ಲಿ ಇಲ್ಲದೆ ಹೋದದ್ದು ಈ ಮಗು. ಬರೀ ಆಟದ ಖುಷಿಗೆ ಹಣ ಕೊಟ್ಟು, ಮರಳಿ ಏನನ್ನೂ ನಿರೀಕ್ಷಿಸದೆ ಎದ್ದುಹೋಗುವ ಆಟಗಾರರು ಸಾಕಷ್ಟಿದ್ದಿದ್ದರೆ ಆಕ್ಸಿಯೂ ನಿಲ್ಲುತ್ತಿತ್ತು. ಸಿನಿಮಾ ಟಿಕೆಟ್ ಕೊಂಡವರು ಮನೆಗೆ ಹೋಗಿ ಅದನ್ನು ಹೆಚ್ಚು ಬೆಲೆಗೆ ಮಾರಲು ನೋಡುವುದಿಲ್ಲವಲ್ಲ.

ಇತರ ಆಟಗಳು

ಆಸ್ಟ್ರೇಲಿಯದ ಝೆಡ್ ರನ್ ಡಿಜಿಟಲ್ ಕುದುರೆಗಳ ತಳಿ ಮತ್ತು ಓಟವನ್ನು ಒಂದುಗೂಡಿಸಿತು. ಸ್ಟೆಪ್‌ಎನ್ ಎಂಬ ಆ್ಯಪ್‌ನಲ್ಲಿ ನಡಿಗೆಗೆ ಟೋಕನ್ ಸಿಗುತ್ತಿತ್ತು. ಅಲ್ಲಿ ಎರಡು ಜೋಡಿ ಶೂಗಳಿಂದ ಮೂರನೇ ಜೋಡಿ ಹುಟ್ಟಿಸಬಹುದಿತ್ತು. ಮೈ ಬದಲಾಗಿತ್ತು, ಲೆಕ್ಕ ಅದೇ.

ಕಳವು, ಕಾನೂನು

ಆಕ್ಸಿಯ ಎಲ್ಲ ವ್ಯವಹಾರ 2021ರಿಂದ ರೋನಿನ್ ಎಂಬ ಪ್ರತ್ಯೇಕ ಜಾಲದ ಮೇಲೆ ನಡೆಯುತ್ತಿತ್ತು. ಅಲ್ಲಿ ಒಂಬತ್ತು ಮಂದಿ ಕಾವಲುಗಾರರಲ್ಲಿ ಐವರು ಸಹಿ ಹಾಕಿದರೆ ಹಣ ಹೊರಹೋಗುತ್ತಿತ್ತು. 2022ರ ಮಾರ್ಚ್ 23ರಂದು ಕಳ್ಳರು ಐದು ಕೀಲಿಗಳನ್ನು ದಕ್ಕಿಸಿಕೊಂಡು 1,73,600 ಈಥರ್ ಮತ್ತು 2.55 ಕೋಟಿ ಯುಎಸ್‌ಡಿಸಿ (ತಲಾ ಒಂದು ಡಾಲರ್ ಬೆಲೆಯ ಟೋಕನ್) ಹೊತ್ತೊಯ್ದರು. ಒಟ್ಟು 60 ಕೋಟಿ ಡಾಲರ್‌ಗೂ ಮೇಲೆ. ಗೊತ್ತಾದದ್ದು ಆರು ದಿನದ ಮೇಲೆ. ಇದು ಉತ್ತರ ಕೊರಿಯಾದ ಲಾಜರಸ್ ಗುಂಪಿನ ಕೆಲಸವೆಂದು ಅಮೆರಿಕದ ಎಫ್‌ಬಿಐ ಹೇಳಿತು. 2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ 23 ಕೋಟಿ ಡಾಲರಿನಷ್ಟು ಹೋದಾಗಲೂ ಬೊಟ್ಟು ಮಾಡಿದ್ದು ಉತ್ತರ ಕೊರಿಯಾದ ಕಡೆಗೇ.

ಭಾರತದಲ್ಲಿ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದೆಂದು ಸುತ್ತೋಲೆ ಹೊರಡಿಸಿತು. ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಅದನ್ನು ರದ್ದುಮಾಡಿತು. 2022ರ ಬಜೆಟ್ ಇಂಥ ಆಸ್ತಿಗಳನ್ನು ವರ್ಚುವಲ್ ಡಿಜಿಟಲ್ ಆಸ್ತಿಯೆಂದು ಕರೆದು, ಲಾಭದ ಮೇಲೆ ಶೇ. 30 ತೆರಿಗೆ ಹಾಕಿತು. ಜುಲೈ 1ರಿಂದ ಮಾರಾಟದ ಮೇಲೆ ಶೇ. 1 ಟಿಡಿಎಸ್ ಬಂತು. ಎನ್‌ಎಫ್‌ಟಿಗಳೂ ಇದರೊಳಗೆ ಸೇರಿವೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬರುವುದಿಲ್ಲ. ಮಂಗಳೂರಿನ ಒಬ್ಬ ವಿದ್ಯಾರ್ಥಿ ಒಂದು ಮರಿಯಲ್ಲಿ 10,000 ರೂಪಾಯಿ ಗಳಿಸಿ, ಇನ್ನೊಂದರಲ್ಲಿ ಅಷ್ಟನ್ನೇ ಕಳಕೊಂಡನೆನ್ನಿ. ಅವನ ಕೈಯಲ್ಲಿ ಉಳಿದದ್ದು ಸೊನ್ನೆ, ತೆರಿಗೆ ಮಾತ್ರ 3,000 ರೂಪಾಯಿ, ಮೇಲೆ ಸೆಸ್ಸು. ಕಳೆಯಲು ಅವಕಾಶವಿರುವುದು ಕೊಂಡ ಬೆಲೆಯನ್ನು ಮಾತ್ರ. ತಳಿ ಮಾಡಿದವರು ಮರಿಯನ್ನು ಕೊಂಡಿರುವುದಿಲ್ಲ, ಅದು ಹುಟ್ಟಿರುತ್ತದೆ. ತಳಿಗೆ ಸುಟ್ಟ ಟೋಕನ್ ಕೊಂಡ ಬೆಲೆಯಾಗುತ್ತದೆಯೇ ಎಂಬ ಪ್ರಶ್ನೆಗೆ ಕಾಯ್ದೆಯ ಮಾತಿನಲ್ಲಿ ನೇರ ಉತ್ತರವಿಲ್ಲ. ಇದು ಈ ಲೇಖನದ ಓದುಗರು ತಮ್ಮ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಬೇಕಾದ ವಿಷಯ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿತು. ಹಣಕ್ಕೆ ಪರಿವರ್ತಿಸಬಹುದಾದ ನಾಣ್ಯ, ಟೋಕನ್‌ಗಳನ್ನೂ ಅದು ಪಣವೆಂದೇ ಎಣಿಸುತ್ತದೆ.

ಕ್ರಿಪ್ಟೊಕಿಟೀಸ್‌ನ ಕಾಂಟ್ರಾಕ್ಟ್ ಈಥೀರಿಯಂ ಮೇಲೆ ಈಗಲೂ ಇದೆ. ಬೆಕ್ಕುಳ್ಳವರು ಶುಲ್ಕ ಕಟ್ಟಿ ಇಂದಿಗೂ ಜೋಡಿ ಮಾಡಬಹುದು; ದಿನ ತುಂಬಿದ ಮೇಲೆ ಹೆರಿಗೆ ಮಾಡಿಸಲು ಹೊರಗಿನಿಂದ ಒಬ್ಬರು ಬರಲೇಬೇಕು.